ಹದಿಮೂರು ವರ್ಷಕ್ಕೊಂದು ಬೆಂಚು

ನನ್ನ ಪುಸ್ತಕದಲ್ಲಿ ಸುಳ್ಳು ಬರೆದಿದೆ. ಬರೆದವನು ನಾನಲ್ಲ. ಹೊತ್ತುಕೊಂಡು ತಿರುಗೋನು ಮಾತ್ರ ನಾನು.

ಪಲ್ಟನ್ ಬಿಟ್ಟು ಬರುವಾಗ ಎಲ್ಲರಿಗೂ ಕೊಡುವ ಕೆಂಪು ರಟ್ಟಿನ ಪುಸ್ತಕ ಅದು. ಹೆಸರು ಲೋಕಪ್ಪ. ತಾಲೂಕು ಸೊರಬ. ನೌಕರಿ ಹದಿಮೂರು ವರ್ಷ. ನಡತೆ ಬಹಳ ಒಳ್ಳೆಯದು. ಕೆಲಸ ಅನ್ನುವ ಕಡೆ ಒಂದೇ ಮಾತು, ಸ್ವೀಪರ್.

ಶಿಕಾರಿಪುರದ ಕಾಲೇಜಿನ ಹೆಡ್ ಗುಮಾಸ್ತ ಸುಬ್ಬಪ್ಪ ಆ ಮಾತಿನ ಮೇಲೆ ಬೆರಳಿಟ್ಟುಕೊಂಡು ನನ್ನ ಮುಖ ನೋಡಿದ. ಐವತ್ತೇಳನೇ ಇಸವಿ, ಜನವರಿ ತಿಂಗಳು. ಕಾಲೇಜು ಅಂದರೆ ಮಹಾ ಏನಲ್ಲ. ಹಳೇ ಹಂಚಿನ ಕಟ್ಟಡ, ಎರಡು ಕೋಣೆ, ಹೊಸ ಬೋರ್ಡು. ಆರೋಗ್ಯ ಇನ್ಸ್‌ಪೆಕ್ಟರುಗಳನ್ನ ತಯಾರು ಮಾಡುವ ಎರಡು ವರ್ಷದ ಓದು. ಸೊರಬದ ಹೋಟ್ಲಿನವನು ನನ್ನನ್ನ ಹೊರಗಿನ ಕಟ್ಟೆ ಮೇಲೆ ಕೂರಿಸಿ ಬಜ್ಜಿ ಕಟ್ಟಿಕೊಟ್ಟ ಪೇಪರಿನಲ್ಲಿ ಅದರ ಪ್ರಕಟಣೆ ಇತ್ತು. ಸೈನ್ಯದಲ್ಲಿ ಐದು ವರ್ಷ ರೋಗಿಗಳ ಶುಶ್ರೂಷೆ ಮಾಡಿದವರಿಗೆ ಮೊದಲನೇ ವರ್ಷ ಮಾಫಿ. ನೇರ ಎರಡನೇ ವರ್ಷಕ್ಕೆ ಸೇರಬಹುದು. ಎಸ್ಸೆಲ್ಸಿ ಆಗಿರಬೇಕಿಲ್ಲ. ವಯಸ್ಸು ಮೂವತ್ತೈದು ದಾಟಿರಬಾರದು. ನನಗೆ ಪುಸ್ತಕದ ಪ್ರಕಾರ ಮೂವತ್ತನಾಲ್ಕು. ಈ ವರ್ಷ ಬಿಟ್ಟರೆ ಇನ್ನಿಲ್ಲ. ಎಣ್ಣೆ ಜಿಡ್ಡಿನ ಆ ಪೇಪರನ್ನ ಮಡಚಿ ಜೇಬಿಗಿಟ್ಟುಕೊಂಡು ಬಂದಿದ್ದೆ.

"ಸ್ವೀಪರ್ ಅಂತ ಇದೆಯಲ್ಲೋ" ಅಂದ ಸುಬ್ಬಪ್ಪ.

"ಬರೆದಿರೋದು ಹಂಗೆ ಸಾರ್. ಮಾಡಿದ್ದು ವಾರ್ಡಿನ ಕೆಲಸ. ಇಂಜೆಕ್ಷನ್ನು, ಡ್ರೆಸ್ಸಿಂಗು, ರಕ್ತ ಕೊಡೋದು, ತೆಗೆಯೋದು. ಎಲ್ಲಾ ಬರ್ತದೆ."

"ಬರ್ತದೋ ಇಲ್ವೋ ನನಗೆ ಹೆಂಗೆ ಗೊತ್ತಾಗ್ಬೇಕು?"

"ತೋಳು ಕೊಡಿ, ತೋರಿಸ್ತೀನಿ."

ಅವನು ತೋಳು ಹಿಂದಕ್ಕೆ ಎಳೆದುಕೊಂಡ. ನಾನು ತಮಾಷೆಗೆ ಅಂದಿರಲಿಲ್ಲ.

ಆ ಮಾತು ಪುಸ್ತಕಕ್ಕೆ ಬಂದಿದ್ದು ನನ್ನ ಬಾಯಿಂದಲೇ. ನಲವತ್ತೆರಡರಲ್ಲಿ ಈಸೂರಿನ ಗಲಾಟೆ ಆದ ಮರುವರ್ಷ ಶಿಕಾರಿಪುರದಲ್ಲಿ ಸೈನ್ಯಕ್ಕೆ ಭರ್ತಿ ಮಾಡ್ಕೊಳ್ಳೋ ಡೇರೆ ಹಾಕಿದ್ದರು. ಏನು ಕೆಲಸ ಗೊತ್ತು ಅಂತ ಬರೆಯೋನು ಒಬ್ಬೊಬ್ಬರನ್ನೇ ಕೇಳುತ್ತಿದ್ದ. ನನ್ನ ಮುಂದಿನ ನಾಲ್ಕೂ ಜನ ಬೇಸಾಯ ಅಂದರು. ಅವರಲ್ಲಿ ಒಬ್ಬ ಸಂತೆಯಲ್ಲಿ ಬಳೆ ಮಾರೋನು, ನೇಗಿಲು ಮುಟ್ಟಿದವನೇ ಅಲ್ಲ. ನನ್ನ ಸರದಿ ಬಂತು. ನಮ್ಮ ಕೇರಿಯಲ್ಲಿ ನಿನ್ನ ಕೆಲಸ ಏನು ಅಂತ ಯಾರೇ ಕೇಳಲಿ, ಅಪ್ಪನ ಕೆಲಸ ಹೇಳಬೇಕು. ಹುಟ್ಟಿದಾಗಿಂದ ಅದೇ ರೂಢಿ. ನಾವು ಮಾದಿಗರು. "ಸತ್ತ ದನ ಎಳೀತೀವಿ ಸ್ವಾಮಿ" ಅಂದೆ. ಅವನು ತಲೆ ಎತ್ತಲಿಲ್ಲ, ಇಂಗ್ಲಿಷಿನಲ್ಲಿ ಏನೋ ಗೀಚಿದ. ನಾಲ್ಕನೇ ಕ್ಲಾಸು ಓದಿದೀನಿ, ಸಹಿ ಮಾಡ್ತೀನಿ ಅಂದೆ. ಹೆಬ್ಬೆಟ್ಟು ಸಾಕು ಅಂದ. ಇಪ್ಪತ್ತು ವರ್ಷದ ದಡ್ಡ ನಾನು. ಬೇಸಾಯ ಅಂದಿದ್ದರೆ ನನ್ನ ಗಂಟೇನು ಹೋಗ್ತಿತ್ತು.

ಇಂಫಾಲದ ಆಸ್ಪತ್ರೆ ಡೇರೆಯಲ್ಲಿ ಮೂರು ತಿಂಗಳು ಹೇಲಿನ ಬಕೀಟು ಹೊತ್ತೆ. ಆಮೇಲೆ ಗಾಯಾಳುಗಳು ಲಾರಿಗಟ್ಟಲೆ ಬರೋಕೆ ಶುರುವಾದರು. ಒಬ್ಬನ ತೊಡೆಯಿಂದ ರಕ್ತ ಚಿಮ್ಮುತ್ತಿತ್ತು, ಹತ್ತಿರ ಯಾರೂ ಇರಲಿಲ್ಲ. ಬಕೀಟು ಕೆಳಗಿಟ್ಟು, ಕೈ ತೊಳೆದು, ಹೆಬ್ಬೆರಳಿಂದ ಒತ್ತಿ ಹಿಡಿದೆ. ಆಸ್ಪತ್ರೆಯ ಇಂಗ್ಲಿಷ್ ಡಾಕ್ಟರು ಮೇಜರ್ ಸಾಹೇಬ ಬರೋವರೆಗೆ ಅರ್ಧ ಗಂಟೆ ಬಿಡಲಿಲ್ಲ. ತೋಳು ಕಲ್ಲಾಗಿತ್ತು. ಆ ಸಿಪಾಯಿ ಬದುಕಿದ. ಮೇಜರ್ ನನ್ನನ್ನ ವಾರ್ಡಿಗೆ ಹಾಕಿಕೊಂಡ, ಒಂದೊಂದೇ ಕೆಲಸ ಕಲಿಸಿದ. ಹನ್ನೆರಡು ವರ್ಷ ಅದೇ ಕೆಲಸ ಮಾಡಿದೆ. ಹೊಸದಾಗಿ ಬಂದ ನರ್ಸಿಂಗ್ ಸಿಪಾಯಿಗಳಿಗೆ ನರ ಹುಡುಕೋದು ಹೇಗೆ ಅಂತ ಕಲಿಸಿದವನು ನಾನು. ಅವರ ಪುಸ್ತಕದಲ್ಲಿ ನರ್ಸಿಂಗ್ ಅಂತ ಇತ್ತು, ನನ್ನದರಲ್ಲಿ ಸ್ವೀಪರ್. ತಿದ್ದಿಸಿ ಕೊಡಿ ಅಂತ ಕೇಳಿದೆ. ಯುದ್ಧ ಮುಗೀಲಿ ಅಂದರು. ಯುದ್ಧ ಮುಗಿಯಿತು. ಸ್ವತಂತ್ರ ಬಂತು, ಮೇಜರ್ ತನ್ನ ದೇಶಕ್ಕೆ ಹೊರಟ, ಹೋಗುವಾಗ ನನ್ನ ಕೆಲಸದ ಬಗ್ಗೆ ಒಂದು ಕಾಗದ ಬರೆದುಕೊಟ್ಟ. ಅವನ ಜಾಗಕ್ಕೆ ಬಂದವನು ಕಾಶ್ಮೀರ ಮುಗೀಲಿ ಅಂದ. ಕಾಶ್ಮೀರವೂ ಮುಗಿಯಿತು. ನನ್ನ ಪುಸ್ತಕ ಮಾತ್ರ ಇದ್ದ ಹಾಗೇ ಇತ್ತು.

ಮೇಜರ್ ಕಾಗದವನ್ನ ಸುಬ್ಬಪ್ಪನ ಮುಂದಿಟ್ಟೆ. ಅವನು ಓದಿದ, ಪೂರ್ತಿ ಓದಿದ. ಅದು ಇನ್ನೂ ಹೊಟ್ಟೆ ಉರಿಸೋ ವಿಷಯ.

"ಕಾಗದ ಯಾರು ಬೇಕಾದ್ರೂ ಬರೀತಾರಪ್ಪ. ಪುಸ್ತಕ ಏನು ಹೇಳ್ತದೋ ಅದೇ ನಮಗೆ. ಒಂದು ದಾರಿ ಇದೆ. ಯಾರಾದರೂ ಸರ್ಕಾರಿ ಡಾಕ್ಟ್ರ ಕೈಕೆಳಗೆ ಮೂರು ತಿಂಗಳು ಶುಶ್ರೂಷೆ ಕೆಲಸ ಮಾಡಿ, ಅನುಭವದ ಸರ್ಟಿಫಿಕೇಟ್ ತಗೊಂಡು ಬಾ. ಜುಲೈ ಒಂದರ ಒಳಗೆ ತಂದರೆ ಕಮಿಟಿ ಮುಂದೆ ಇಡ್ತೀನಿ."

ಶಿರಾಳಕೊಪ್ಪದವರೆಗೆ ಬಸ್ಸು, ಅಲ್ಲಿಂದ ಸೊರಬಕ್ಕೆ ಇನ್ನೊಂದು, ಆಮೇಲೆ ನಡಿಗೆ. ಮನೆಗೆ ಬಂದು ಹೆಂಡತಿ ಉಚ್ಚಂಗಮ್ಮನಿಗೆ ಹೇಳಿದೆ. ಅವಳು ಮೊರದಲ್ಲಿ ರಾಗಿ ಕೇರುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಮೂರು ತಿಂಗಳು ನಿನ್ನ ಯಾವ ಡಾಕ್ಟ್ರು ಒಳಗೆ ಬಿಟ್ಕೊಳ್ತಾನೆ?"

ಎರಡು ಕಡೆ ಕೇಳಿದೆ. ಅವಳ ಮಾತೇ ನಿಜವಾಯಿತು.

ಮಾರ್ಚ್ ಶುರುವಿಗೇ ಮಂಗಗಳು ಸಾಯೋಕೆ ಶುರುವಾದವು. ಕ್ಯಾಸನೂರು ಕಾಡಿನ ಅಂಚಿನ ಊರು ನಮ್ಮದು. ನಮ್ಮೂರಲ್ಲಿ ಮಂಗ ಸತ್ತರೆ ಅದಕ್ಕೊಂದು ಕಟ್ಟಳೆ ಇದೆ. ಮಂಗ ಅಂದರೆ ಹನುಮಂತ. ಊರಿನ ದೊಡ್ಡವರೇ ಚಟ್ಟ ಕಟ್ಟುತ್ತಾರೆ. ಅರಿಸಿನ ಕುಂಕುಮ ಹಚ್ಚಿ, ಹೊಸ ಬಟ್ಟೆ ಹೊದಿಸಿ, ಭಜನೆ ಮಾಡಿಕೊಂಡು ಹೊತ್ತುಕೊಂಡು ಹೋಗಿ ಗುಡಿ ಹಿಂದೆ ಹೂಳುತ್ತಾರೆ. ದನದ ಹೆಣ ನಮ್ಮದು, ಮಂಗದ ಹೆಣ ಅವರದು. ನಾವು ಹತ್ತಿರ ಹೋಗೋ ಹಾಗಿಲ್ಲ. ನಾನು ಎಂಟು ವರ್ಷದವನಿದ್ದಾಗ ನಮ್ಮ ಕೇರಿ ಬಾವಿ ಹತ್ತಿರ ಒಂದು ಮಂಗ ಸತ್ತು ಬಿದ್ದಿತ್ತು. ನಾಯಿ ಎಳೆದಾಡ್ತವೆ ಅಂತ ಅಪ್ಪ ಅದನ್ನ ಕಂಬಳಿಯಲ್ಲಿ ಸುತ್ತಿ ಊರ ಬಾಗಿಲಿಗೆ ತಂದಿಟ್ಟ. ದೇವರನ್ನ ಮುಟ್ಟಿದ ಅಂತ ಅವನನ್ನ ಗುಡಿ ಮುಂದೆ ಬೋರಲು ಮಲಗಿಸಿ ಹುಣಸೆ ಬರಲಿನಿಂದ ಹೊಡೆದರು. ಬೆನ್ನಿಗೆ ಎಣ್ಣೆ ಹಚ್ಚಿದವನು ನಾನು. ನಾನು ಮಾಡಿದ ಮೊದಲ ಶುಶ್ರೂಷೆ ಅದೇ ಇರಬೇಕು.

ಈ ಸಲ ಮೊದಲನೇ ಮಂಗಕ್ಕೆ ಭಜನೆ ಆಯಿತು. ಎರಡನೆಯದಕ್ಕೂ ಆಯಿತು. ಏಳನೆಯದನ್ನ ಹೊತ್ತವರಲ್ಲಿ ಇಬ್ಬರಿಗೆ ಜ್ವರ ಬಂತು. ತಲೆ ಸಿಡಿಯೋ ನೋವು, ಕೆಂಪು ಕಣ್ಣು, ವಸಡಿನಲ್ಲಿ ರಕ್ತ. ಒಬ್ಬ ಹನ್ನೊಂದನೇ ದಿನ ಹೋದ. ಮಾರನೇ ದಿನ ಪಟೇಲ ಮಲ್ಲೇಶಪ್ಪ ನಮ್ಮ ಕೇರಿಗೆ ಹೇಳಿ ಕಳಿಸಿದ. ಕಾಡಲ್ಲಿ ಮಂಗ ಬಿದ್ದಿವೆ, ಲೋಕ್ಯಾನ ಕಳಿಸಿ. ಒಂದು ಸತ್ತರೆ ಹನುಮಂತ, ಗುಂಪು ಗುಂಪು ಸತ್ತರೆ ಹೆಣ. ಹೆಣ ಅಂದಮೇಲೆ ನಾವು.

ನಾನು ಯಾಕೆ ಹೋದೆ? ಊರಾಚೆ ಡಾಕ್ಟರುಗಳು ಡೇರೆ ಹಾಕಿದ್ದರು, ಅದಕ್ಕೆ ಹೋದೆ. ಡೇರೆಯ ಬಿಳಿ ಬಟ್ಟೆ ಕಂಡಾಗ ನನಗೆ ಸರ್ಟಿಫಿಕೇಟೇ ಕಂಡಿತು.

ಕ್ಯಾಂಪಿನ ಡಾಕ್ಟರು ಚಿಕ್ಕ ವಯಸ್ಸಿನವರು, ಕೆಟ್ಟವರಲ್ಲ. ಮೊದಲ ದಿನ ಎರಡು ಮಂಗ ಹೊತ್ತು ತಂದು ಡೇರೆ ಮುಂದೆ ಇಳಿಸಿದೆ. ಒಳಗೆ ಅವರ ಸಹಾಯಕ ಒಬ್ಬ ಮುದುಕಿಯ ತೋಳಿಗೆ ಮೂರು ಸಲ ಚುಚ್ಚಿದ್ದ, ರಕ್ತ ಸಿಕ್ಕಿರಲಿಲ್ಲ. ಅವಳು ಶೇಷಮ್ಮ, ಊರೊಳಗಿನವಳು. ಜ್ವರದಲ್ಲಿ ಅವಳ ಹಲ್ಲು ಕಟಕಟ ಅನ್ನುತ್ತಿತ್ತು.

"ಸಾರ್, ನಾನು ತೆಗೀಲಾ? ಪಲ್ಟನ್ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷ ಇದೇ ಕೆಲಸ."

ಡಾಕ್ಟರು ನನ್ನ ಮೇಲೆ ಕೆಳಗೆ ನೋಡಿ, "ಸೋಪು ಅಲ್ಲಿದೆ" ಅಂದರು.

ಮೊಣಕೈವರೆಗೆ ಉಜ್ಜಿ ತೊಳೆದೆ. ಕುದಿಯೋ ನೀರಿಂದ ಸಿರಿಂಜು ತೆಗೆದೆ. ಶೇಷಮ್ಮ ನನ್ನ ಗುರುತು ಹಿಡಿದಳು. "ಕೇರಿ ಲೋಕಪ್ಪ ಅಲ್ವೇನೋ" ಅಂದಳು. ಹೌದಮ್ಮ ಅಂದೆ. ಅವಳು ಮುಖ ಆ ಕಡೆ ತಿರುಗಿಸಿಕೊಂಡು ತೋಳು ಈ ಕಡೆ ಚಾಚಿದಳು. ಒಂದೇ ಸಲಕ್ಕೆ ರಕ್ತ ಬಂತು.

ಅವತ್ತಿಂದ ಎರಡು ಕೆಲಸ. ಬೆಳಗಿನ ಜಾವ ಕಾಡು. ಮೈಗೆಲ್ಲ ಎಣ್ಣೆ ಬಳಿದುಕೊಂಡು ಹೋಗಬೇಕು, ಇಲ್ಲದಿದ್ದರೆ ಉಣುಗು ಹತ್ತುತ್ತವೆ. ಆ ಹುಳದಿಂದಲೇ ಕಾಯಿಲೆ ಅಂತ ಡಾಕ್ಟರಿಗೆ ಅನುಮಾನ. ಸತ್ತ ಮಂಗದ ಮೈಯಿಂದ ಅವು ಇಳಿದು ಬರುತ್ತವೆ. ಗೋಣಿಚೀಲದಲ್ಲಿ ತುಂಬಿ ಬಿದಿರು ಬೊಂಬಿಗೆ ಕಟ್ಟಿ ಹೊತ್ತುಕೊಂಡು ಬರ್ತಿದ್ದೆ. ಹೆಗಲ ಚರ್ಮ ಸುಲಿದು, ಒಣಗಿ, ಮತ್ತೆ ಸುಲಿಯಿತು. ಡಾಕ್ಟರು ಹೆಣ ಕೊಯ್ಯುವಾಗ ಹಿಡಿದುಕೊಳ್ಳಬೇಕು, ಆಮೇಲೆ ಆಳುದ್ದ ಗುಂಡಿ ತೋಡಿ ಸುಣ್ಣ ಸುರಿದು ಮುಚ್ಚಬೇಕು. ಮಧ್ಯಾಹ್ನದ ಮೇಲೆ ಮೈ ತೊಳೆದು ಡೇರೆಯೊಳಗೆ ಇನ್ನೊಂದು ಕೆಲಸ. ಜ್ವರ ನೋಡಿ ಬರೆಯೋದು, ರಕ್ತ ತೆಗೆಯೋದು, ಟ್ಯೂಬಿಗೆ ನಂಬರ್ ಅಂಟಿಸೋದು, ಹೊಟ್ಟಿನಲ್ಲಿ ಐಸ್ ಇಟ್ಟು ಪೆಟ್ಟಿಗೆ ಕಟ್ಟೋದು. ಬೆಳಿಗ್ಗೆ ಊರ ಜನ ನನ್ನ ಕಂಡರೆ ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರೀತಿದ್ದರು. ಮಧ್ಯಾಹ್ನ ಅದೇ ಜನ ನನ್ನ ಮುಂದೆ ತೋಳು ಮಡಚಿ ಕೂರ್ತಿದ್ದರು. ಇನ್ನೂರ ಹನ್ನೆರಡು ಜನರ ರಕ್ತ ತೆಗೆದೆ. ಒಬ್ಬರಿಗೂ ಎರಡನೇ ಸಲ ಚುಚ್ಚಲಿಲ್ಲ.

ನೂರ ನಲವತ್ತನೇ ಟ್ಯೂಬು ಉಚ್ಚಂಗಮ್ಮನದ್ದು. ತರಗು ಗುಡಿಸೋಕೆ ಕಾಡಿಗೆ ಹೋಗಿದ್ದಳು, ಬೇಡ ಅಂದರೂ ಕೇಳಲಿಲ್ಲ. ಒಲೆ ಉರೀಬೇಕಲ್ಲ ಅಂದಳು. ಹದಿಮೂರು ದಿನ ಜ್ವರದಲ್ಲಿ ಬೆಂದಳು. ಬದುಕಿಕೊಂಡಳು. ಎದ್ದು ಕೂತ ದಿನ ಅವಳು ಕೇಳಿದ ಮೊದಲ ಮಾತು, "ಸರ್ಟಿಫಿಕೇಟು ಕೊಟ್ರಾ?"

ಡಾಕ್ಟರು ಮಾತು ಕೊಟ್ಟಿದ್ದರು. "ಲೋಕಪ್ಪ, ನೀನಿಲ್ಲದಿದ್ರೆ ಈ ಕ್ಯಾಂಪು ನಡೀತಿರಲಿಲ್ಲ, ನಾನೇ ಬರ್ಕೊಡ್ತೀನಿ" ಅಂದಿದ್ದರು. ಜೂನ್ ಇಪ್ಪತ್ತೈದಕ್ಕೆ ಡೇರೆ ಬಿಚ್ಚಿದರು. ಸರ್ಟಿಫಿಕೇಟು ಬಂತು, ಮೊಹರು ಸಮೇತ. ಅಲ್ಲೇ ನಿಂತು ಓದಿದೆ. ಸದರಿ ಲೋಕಪ್ಪ ಎಂಬವನು ಸತ್ತ ಮಂಗ ಎತ್ತುವ ಆಳಾಗಿ ತೊಂಬತ್ತಾರು ದಿನ ತೃಪ್ತಿಕರವಾಗಿ ಕೆಲಸ ಮಾಡಿರುತ್ತಾನೆ.

"ಇದೇನು ಸಾರ್?"

ಡಾಕ್ಟರ ಮುಖ ಸಣ್ಣದಾಯಿತು. "ಆಳುಗಳ ಹಾಜರಿ ಪುಸ್ತಕ ಪಟೇಲರು ಬರೆದಿದ್ದು. ಅದರಲ್ಲಿ ದಿನಾ ಹೀಗೇ ಇದೆ. ಆಫೀಸು ಅದನ್ನೇ ಎತ್ತಿ ಬರೆದಿದೆ. ಬೇರೆ ಬರೆದರೆ ನಾಳೆ ನನ್ನ ಕೇಳ್ತಾರೆ."

"ನೀವು ಕಣ್ಣಾರೆ ನೋಡಿದೀರಲ್ಲ ಸಾರ್."

"ನೋಡಿದೀನಿ."

"ಮತ್ತೆ?"

ಅವರು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಾ ಇದ್ದರು. ಗಂಟು ಸರಿಯಾಗಿ ಹಾಕೋಕೆ ಬರ್ತಿರಲಿಲ್ಲ. ನಾನು ಹಾಕಿಕೊಡಲಿಲ್ಲ.

ನೇರ ಪಟೇಲನ ಮನೆಗೆ ಹೋದೆ. ಮಲ್ಲೇಶಪ್ಪ ಅಂಗಳದಲ್ಲಿ ನಿಂತಿದ್ದ. ಅವನ ಬಣವೆ ಬುಡದಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು.

"ಸರಿಯಾದ ಹೊತ್ತಿಗೆ ಬಂದೆ ನೋಡು. ಎತ್ತಾಕು ಇದನ್ನ."

"ಗೌಡ್ರೆ, ಹಾಜರಿಯಲ್ಲಿ ನನ್ನ ಕೆಲಸ ಏನಂತ ಬರೆದಿದೀರಿ?"

"ಏನು ಮಾಡಿದೀಯೋ ಅದು."

"ನಿಮ್ಮ ಸೊಸೆ ನೀಲಾಂಬಿಕವ್ವಾರ ರಕ್ತ ತೆಗೆದವನು ಯಾರು? ಎರಡು ವಾರ ಜ್ವರ ನೋಡಿ ಬರೆದವನು ಯಾರು?"

ಒಳಗಿನ ಬಾಗಿಲ ಹತ್ತಿರ ಬಳೆ ಸದ್ದಾಯಿತು. ಆ ಹೆಣ್ಣುಮಗಳು ಅಲ್ಲೇ ನಿಂತಿದ್ದಳು. ಮಲ್ಲೇಶಪ್ಪ ಆ ಕಡೆ ಒಂದು ಸಲ ನೋಡಿದ. ದನಿ ತಗ್ಗಿಸಿದ.

"ನೀನು ನನ್ನ ಸೊಸೆ ಕೈ ಮುಟ್ಟಿದ್ದನ್ನ ಸರ್ಕಾರಿ ಪುಸ್ತಕದಲ್ಲಿ ಬರೀಬೇಕೇನೋ ನಾನು? ಮರ್ಯಾದೆ ಇಲ್ವಾ ನಮಗೆ?"

ಆಗ ಅರ್ಥವಾಯಿತು. ಮರೆತು ಬರೆದಿದ್ದಲ್ಲ. ದಿನಾ ಬೆಳಿಗ್ಗೆ ಯೋಚನೆ ಮಾಡಿ, ಲೇಖನಿ ಮಸಿಯಲ್ಲಿ ಅದ್ದಿ, ತೊಂಬತ್ತಾರು ದಿನ ಬರೆದಿದ್ದಾನೆ. ಇನ್ನೂರ ಹನ್ನೆರಡು ತೋಳು ಮುಟ್ಟಿದ್ದು ಎಲ್ಲೂ ಇರಬಾರದು. ಜೀವ ಉಳಿದರೆ ಸಾಕು, ಉಳಿಸಿದ ಕೈ ಕಾಣಬಾರದು.

"ಮೊದಲು ಇದನ್ನ ಎತ್ತು, ವಾಸನೆ ಬರ್ತಿದೆ. ಆಮೇಲೆ ಮಾತಾಡೋಣ" ಅಂದ.

"ಎತ್ತಲ್ಲ."

"ಏನಂದೆ?"

"ಎತ್ತಲ್ಲ ಅಂದೆ. ಇದೇ ಹೆಣ ಮುಟ್ಟಿದ್ದಕ್ಕೆ ನಮ್ಮಪ್ಪನ ಬೆನ್ನು ಹರಿದಿರಿ. ಒಂದೇ ಇದೆಯಲ್ಲ ಇವತ್ತು, ಇದು ಹನುಮಂತ. ಅರಿಸಿನ ಕುಂಕುಮ ಹಚ್ಚಿ, ಭಜನೆ ಮಾಡಿ, ಹೊತ್ಕೊಂಡು ಹೋಗಿ."

"ನಾಳೆ ಊರಲ್ಲಿ ಹೆಂಗೆ ಬಾಳ್ತೀಯೋ ನೋಡ್ತೀನಿ."

"ನೋಡಿ ಗೌಡ್ರೆ."

ಕೇರಿಗೆ ಬಂದು ನಡೆದಿದ್ದೆಲ್ಲ ಹೇಳಿದೆ. ಯಾರೂ ಎತ್ತಬೇಡಿ ಅಂದೆ. ಅಪ್ಪನ ವಯಸ್ಸಿನ ಚೌಡಪ್ಪಜ್ಜ ಮಾತ್ರ, ಒಂದು ಮಂಗಕ್ಕೆ ಯಾಕಪ್ಪ ಇಷ್ಟು, ಕೂಲಿ ನಿಂತು ಹೋಗ್ತದೆ ಅಂದ. ಆದರೂ ಅವನೂ ಹೋಗಲಿಲ್ಲ. ಮೂರು ದಿನ ಆ ಮಂಗ ಪಟೇಲನ ಅಂಗಳದಲ್ಲೇ ನಾರಿತು. ನಾಲ್ಕನೇ ದಿನ ಅವನ ಮಗನೇ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಗಳದಿಂದ ತಳ್ಳಿಕೊಂಡು ಹೋದನಂತೆ. ಅರಿಸಿನ ಕುಂಕುಮ ಯಾರೂ ಹಚ್ಚಲಿಲ್ಲ.

ಜೂನ್ ಇಪ್ಪತ್ತೊಂಬತ್ತಕ್ಕೆ ಶಿಕಾರಿಪುರಕ್ಕೆ ಹೊರಟೆ. ಆ ಸರ್ಟಿಫಿಕೇಟು ಹಿಡಕೊಂಡು ಹೋಗಿ ಪ್ರಯೋಜನ ಇಲ್ಲ ಅಂತ ಗೊತ್ತಿತ್ತು. ಆದರೂ ಹೋದೆ. ಉಚ್ಚಂಗಮ್ಮ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದಳು. "ಕೇಳ್ಕೊಂಡು ಬರಬೇಡ, ಕೂತು ಬಾ" ಅಂದಳು. ಏನು ಹೇಳ್ತಾಳೆ ಇವಳು ಅಂತ ದಾರಿಯುದ್ದ ಯೋಚಿಸಿದೆ.

ಸುಬ್ಬಪ್ಪ ಸರ್ಟಿಫಿಕೇಟು ಓದಿದ. ಈ ಸಲವೂ ಪೂರ್ತಿ ಓದಿದ.

"ಮಂಗ ಎತ್ತೋದು ಶುಶ್ರೂಷೆ ಆಗಲ್ಲಪ್ಪ."

ಸೈನ್ಯ, ಡೇರೆ, ಹಾಜರಿ, ಪಟೇಲ, ಎಲ್ಲ ಹೇಳಿದೆ. ಡಾಕ್ಟರಿಗೆ ಒಂದು ಕಾಗದ ಬರೆದು ಕೇಳಿ ಸಾರ್ ಅಂದೆ. ಕೈ ಮುಗಿದೆ. ಈಗ ನೆನೆಸಿಕೊಂಡರೆ ಆ ಕೈ ಮುಗಿದಿದ್ದಕ್ಕೆ ನನ್ನ ಮೇಲೇ ಸಿಟ್ಟು ಬರ್ತದೆ. ಅವನು ಎಲ್ಲಾ ಕೇಳಿದ. ಆಮೇಲೆ ಏನೋ ಉಪಕಾರ ಮಾಡೋನ ಹಾಗೆ ಮುಂದಕ್ಕೆ ಬಾಗಿದ.

"ನೋಡು ಲೋಕಪ್ಪ, ನಿನಗೆ ಬೇರೆ ಅನುಕೂಲ ಇದೆ. ಕಾಲೇಜಿಗೆ ಒಬ್ಬ ಸ್ವೀಪರ್ ಬೇಕು. ಸೈನ್ಯದಿಂದ ಬಂದೋರಿಗೆ ಮೊದಲ ಅವಕಾಶ. ಅದಕ್ಕೆ ನಿನ್ನ ಪುಸ್ತಕ ಪೂರ್ತಿ ನಡೀತದೆ. ಹದಿಮೂರು ವರ್ಷಕ್ಕೆ ಹದಿಮೂರು ವರ್ಷ, ಒಂದು ದಿನ ಕಡಿಮೆ ಮಾಡಲ್ಲ. ಈ ಸರ್ಟಿಫಿಕೇಟೂ ಸೇರಿಸ್ಕೊಳ್ತೀನಿ. ಇವತ್ತೇ ಶುರು ಮಾಡು. ಪೊರಕೆ ಆ ಬಾಗಿಲ ಹಿಂದಿದೆ."

ಅವನಿಗೆ ನಗು ಬಂದಿರಲಿಲ್ಲ. ಮನಸಾರೆ ಹೇಳಿದ. ನನಗೆ ಅದೇ ತಡೆಯೋಕಾಗಲಿಲ್ಲ.

ಪುಸ್ತಕ, ಮೇಜರ್ ಕಾಗದ, ಸರ್ಟಿಫಿಕೇಟು ಮೂರನ್ನೂ ಅವನ ಮೇಜಿನ ಮೇಲೇ ಬಿಟ್ಟೆ. ಆ ಬಾಗಿಲ ಕಡೆ ಹೋದೆ. ಪೊರಕೆ ಅಲ್ಲೇ ಇತ್ತು. ಅದನ್ನ ದಾಟಿ ಒಳಗೆ ಹೋದೆ.

ಎರಡನೇ ವರ್ಷದ ಕ್ಲಾಸು ಅದು. ಇಪ್ಪತ್ತು ಜನ. ಮುಂದೆ ಮೇಷ್ಟ್ರು ಒಬ್ಬ ವಿದ್ಯಾರ್ಥಿಯ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ನರ ಹುಡುಕ್ತಿದ್ದರು. ಎರಡು ಸಲ ಚುಚ್ಚಿದರು, ಸಿಗಲಿಲ್ಲ. ಪಟ್ಟಿ ಮೊಣಕೈಗೆ ತೀರಾ ಹತ್ತಿರ ಕಟ್ಟಿದ್ದರು. ಇನ್ನು ನಾಲ್ಕು ಬೆರಳು ಮೇಲೆ ಕಟ್ಟಬೇಕು ಅಂತ ನನ್ನ ಬಾಯಿಗೆ ಬಂತು. ಹೇಳಲಿಲ್ಲ. ಕೊನೇ ಬೆಂಚಿನಲ್ಲಿ ಯಾರೂ ಇರಲಿಲ್ಲ. ಹೋಗಿ ಕೂತೆ.

ಮೇಷ್ಟ್ರು ಸಿರಿಂಜು ಕೆಳಗಿಟ್ಟು ಬೆವರು ಒರೆಸಿಕೊಂಡರು. ಹಾಜರಿ ತೆಗೆದುಕೊಂಡರು. ಒಂದೊಂದೇ ಹೆಸರು ಕೂಗಿದರು. ಇಪ್ಪತ್ತೂ ಮುಗಿಯಿತು. ಪುಸ್ತಕ ಮುಚ್ಚೋಕೆ ಹೋದರು. ನಾನು ಎದ್ದು, ಪಲ್ಟನಿನಲ್ಲಿ ನಿಲ್ಲೋ ಹಾಗೆ ನಿಂತೆ.

"ಲೋಕಪ್ಪ. ಹಾಜರ್."

ಎಲ್ಲರೂ ತಿರುಗಿ ನೋಡಿದರು. ನಾನು ಕೂತೆ.

ಸುಬ್ಬಪ್ಪ ಬಾಗಿಲಿಗೆ ಬಂದ. ಎದ್ದೇಳೋ ಅಂದ. ಏಳಲಿಲ್ಲ. ಪೊಲೀಸಿಗೆ ಹೇಳ್ತೀನಿ ಅಂದ. ಹೇಳಿ ಅಂದೆ. ಜವಾನರಿಬ್ಬರನ್ನ ಕೂಗಿದ. ಗಟ್ಟಿಮುಟ್ಟಾದ ಆಳುಗಳು. "ಎಳೆದು ಆಚೆ ಹಾಕ್ರೋ ಇವನ್ನ" ಅಂದ.

ಅವರು ಬೆಂಚಿನ ಆ ಕಡೆ ಒಬ್ಬ, ಈ ಕಡೆ ಒಬ್ಬ ನಿಂತರು. ಇಬ್ಬರಿಗೂ ನಾನು ಯಾರು, ಯಾವ ಜಾತಿ ಅಂತ ಗೊತ್ತಿತ್ತು. ನನ್ನ ಅರ್ಜಿ ತಗೊಂಡು ಹೋಗಿ ಒಳಗೆ ಕೊಟ್ಟವರು ಅವರೇ. ಒಬ್ಬ ಕೈ ಮುಂದೆ ಮಾಡಿದ, ಅರ್ಧಕ್ಕೇ ನಿಲ್ಲಿಸಿದ. ಇನ್ನೊಬ್ಬನ ಮುಖ ನೋಡಿದ. ಅವನು ಸುಬ್ಬಪ್ಪನ ಮುಖ ನೋಡಿದ.

"ಏನು ನೋಡ್ತೀರೋ, ಎಳೀರಿ" ಅಂದ ಸುಬ್ಬಪ್ಪ. ತಾನು ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬರಲಿಲ್ಲ.

ಕೂತು ಬಾ ಅಂತ ಉಚ್ಚಂಗಮ್ಮ ಹೇಳಿದ್ದು ಆಗ ಅರ್ಥವಾಯಿತು. ನಾನು ಅಂಗಿ ತೋಳು ಮೊಣಕೈವರೆಗೆ ಮಡಚಿ, ಎರಡೂ ಕೈ ಬೆಂಚಿನ ಮೇಲೆ ಚಾಚಿದೆ.

"ಮುಟ್ರಿ" ಅಂದೆ.

ಯಾರೂ ಮುಟ್ಟಲಿಲ್ಲ. ನಾನು ಕೂತೇ ಇದ್ದೆ.